ಇಬ್ಬರ ನಡುವಿನ ಬಯಲು

ಒಂದು ಬಯಲು, ಅದರಲ್ಲಿ ಒಂದು ಗಂಡು, ಒಂದು ಹೆಣ್ಣು. ಇಂಥ ಚಿತ್ರದ ಮುಂದೆ ನಿಂತವರ ಮನಸ್ಸಿನಲ್ಲಿ ಮೊದಲು ಏಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ಇವರಿಬ್ಬರು ಚೆನ್ನಾಗಿದ್ದಾರಾ? ಹೂದಾನಿಯ ಚಿತ್ರ ನೋಡಿ ಯಾರೂ ಹೀಗೆ ಕೇಳುವುದಿಲ್ಲ. ಒಬ್ಬರೇ ಕೂತಿರುವ ಭಾವಚಿತ್ರ ನೋಡಿದರೂ ಇಷ್ಟು ಅವಸರ ಇರುವುದಿಲ್ಲ. ಇಬ್ಬರು ಕಂಡ ತಕ್ಷಣ ನಾವು ಅವರ ಸಂಸಾರದೊಳಗೆ ಇಣುಕಲು ಶುರುಮಾಡುತ್ತೇವೆ. ಅವಳ ಮುಖ ಯಾಕೆ ಹಾಗಿದೆ, ಅವನು ಯಾಕೆ ಅತ್ತ ನೋಡುತ್ತಿದ್ದಾನೆ, ಜಗಳ ಆಗಿದೆಯಾ. ಅದು ಮುಗಿಯುತ್ತಿದ್ದಂತೆ ಎರಡನೇ ಅವಸರ ಶುರುವಾಗುತ್ತದೆ. ನಾಯಿ ಇದ್ದರೆ ನಿಷ್ಠೆ, ಮೋಡ ಇದ್ದರೆ ಕೇಡು, ತೆನೆ ಇದ್ದರೆ ಸಂತಾನ, ಒಣಮರ ಇದ್ದರೆ ಸಾವು. ಪಟ್ಟಿ ಮುಗಿದರೆ ಚಿತ್ರ ಅರ್ಥವಾಯಿತು ಅಂದುಕೊಂಡು ಮುಂದಿನ ಗೋಡೆಗೆ ಹೋಗುತ್ತೇವೆ. ಈ ಎರಡು ಅವಸರಗಳ ನಡುವೆ ಚಿತ್ರವೇ ಕೈತಪ್ಪಿ ಹೋಗುತ್ತದೆ ಅನ್ನುವುದು ನನ್ನನ್ನು ತುಂಬ ದಿನಗಳಿಂದ ಕಾಡುತ್ತಿದೆ.

ಕಾಡಲು ಶುರುವಾಗಿದ್ದು ಇಂಗ್ಲೆಂಡಿನ ಚಿತ್ರಕಾರ ಥಾಮಸ್ ಗೇನ್ಸ್‌ಬರೋ ಸುಮಾರು 1750ರಲ್ಲಿ ಬರೆದ ‘ಶ್ರೀ ಮತ್ತು ಶ್ರೀಮತಿ ಆಂಡ್ರ್ಯೂಸ್’ ಚಿತ್ರದಿಂದ. ಈಗ ಅದು ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ನೀವು ಎಲ್ಲೋ ಒಂದು ಕಡೆ ನೋಡಿಯೇ ಇರುತ್ತೀರಿ. ಎಡಭಾಗದಲ್ಲಿ ದಪ್ಪ ಓಕ್ ಮರ, ಅದರ ಮುಂದೆ ಸುರುಳಿ ಸುರುಳಿ ಕಾಲಿನ ಬೆಂಚು. ಬೆಂಚಿನ ಮೇಲೆ ತಿಳಿನೀಲಿ ಉಡುಪಿನ ಹುಡುಗಿ, ಪಕ್ಕದಲ್ಲಿ ಕಂಕುಳಲ್ಲಿ ಕೋವಿ ಸಿಕ್ಕಿಸಿಕೊಂಡು ಒರಗಿ ನಿಂತ ಗಂಡ, ಅವನನ್ನೇ ತಲೆಯೆತ್ತಿ ನೋಡುವ ನಾಯಿ. ಬಲಭಾಗದಲ್ಲಿ ಯಾರೂ ಇಲ್ಲ. ಕೊಯ್ದು ನಿಲ್ಲಿಸಿದ ತೆನೆಯ ಕಟ್ಟುಗಳು, ಸಾಲು ಹಿಡಿದು ಬಿತ್ತಿದ ಗುರುತು ಉಳಿದ ಹೊಲ, ದೂರದಲ್ಲಿ ಬೇಲಿಯೊಳಗೆ ಕುರಿಗಳು, ಮೇಲೆ ಕಪ್ಪಾಗುತ್ತಿರುವ ಮೋಡ. ಭಾವಚಿತ್ರ ಅಂತ ಕರೆದರೂ ಜೋಡಿಗೆ ಸಿಕ್ಕಿರುವುದು ಒಂದು ಪಕ್ಕ ಮಾತ್ರ. ಉಳಿದದ್ದೆಲ್ಲ ನೆಲ.

ಈ ಚಿತ್ರವನ್ನು ಒಮ್ಮೆ ಅಕ್ಕನಿಗೆ ತೋರಿಸಿದೆ. ದೊಡ್ಡ ಪುಸ್ತಕ, ಎರಡು ಪುಟ ತುಂಬ ಒಂದೇ ಚಿತ್ರ. ಅಕ್ಕನಿಗೆ ಕಲೆಯ ಇತಿಹಾಸದಲ್ಲಿ ಆಸಕ್ತಿ ಇಲ್ಲ. ಬಟ್ಟೆ, ಹೊಲಿಗೆ ಅಂದರೆ ಮಾತ್ರ ಕಣ್ಣು ಚುರುಕು. ನಾನು ತೆನೆ, ನಾಯಿ, ಮೋಡ ಅಂತ ಒಂದೊಂದಾಗಿ ಹೇಳುತ್ತಾ ಹೋದೆ. ಅವಳು ಕೇಳಿಸಿಕೊಳ್ಳುತ್ತಲೇ ಇರಲಿಲ್ಲ. ಬೆರಳು ಆ ಹುಡುಗಿಯ ಲಂಗದ ಅಂಚಿನ ಮೇಲಿತ್ತು. ಬೆಂಚಿನ ಅಗಲಕ್ಕೂ ಹರಡಿರುವ ಲಂಗ, ಅದರ ಕೆಳಗೆ ಇಣುಕುವ ಪುಟ್ಟ ಚೂಪು ಚಪ್ಪಲಿ. “ಅವನು ಬೇಕು ಅನ್ನಿಸಿದ ತಕ್ಷಣ ಎದ್ದು ಹೊಲದ ಕಡೆ ಹೋಗ್ತಾನೆ. ಇವಳು ಈ ಬಟ್ಟೆ, ಈ ಚಪ್ಪಲಿ ಹಾಕ್ಕೊಂಡು ಎಲ್ಲಿಗೆ ಹೋಗ್ತಾಳೆ ಹೇಳು” ಅಂದಳು. ಆಮೇಲೆ ಇನ್ನೂ ಸ್ವಲ್ಪ ಹೊತ್ತು ನೋಡಿ, “ಇವಳ ಬೆನ್ನು ನೋವು ಬಂದಿರತ್ತೆ ಪಾಪ” ಅಂತ ಪುಟ ತಿರುಗಿಸಿದಳು.

ಆ ಹೊಲ ಇಬ್ಬರದ್ದೂ ಅಂತ ಓದಿದ್ದೆ. ಆ ಹೊಲದಲ್ಲಿ ಕಾಲಿಡಬಲ್ಲವನು ಒಬ್ಬನೇ ಅನ್ನುವುದು ಚಿತ್ರದಲ್ಲೇ ಬರೆದಿತ್ತು, ಅದನ್ನು ಅಕ್ಕ ಓದಿದಳು. ಇದಕ್ಕೆ ಸಂಕೇತಗಳ ಪಟ್ಟಿ ಬೇಕಾಗಲಿಲ್ಲ. ನೆಲಕ್ಕೂ ಬಟ್ಟೆಗೂ ಇರುವ ಸಂಬಂಧ ನೋಡುವ ಕಣ್ಣು ಬೇಕಾಯಿತು, ಅಷ್ಟೇ. ಹೊರಾಂಗಣದ ಜೋಡಿಯ ಚಿತ್ರದಲ್ಲಿ ಭಾವ ಇರುವುದು ಜಾಸ್ತಿ ಇಲ್ಲೇ ಅಂತ ನನಗನ್ನಿಸುತ್ತದೆ. ಈ ಇಬ್ಬರಿಗೂ ಅವರು ನಿಂತ ಜಾಗಕ್ಕೂ ನಡುವೆ. ಮುಖಕ್ಕೆ ಹೋಗುವುದು ಆಮೇಲೆ.

ಮುಖವನ್ನು ನಂಬಬಾರದು ಅನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ. ಆ ಕಾಲದ ಹಲವು ಭಾವಚಿತ್ರಕಾರರು ಉಡುಪು ಬರೆದು ಮುಗಿಸುವವರೆಗೂ ಯಾರನ್ನೂ ಕೂರಿಸಿಕೊಂಡಿರುತ್ತಿರಲಿಲ್ಲ. ಮುಖ ಬರೆದುಕೊಂಡು, ಮೈಯನ್ನು ಬಟ್ಟೆ ತೊಡಿಸಿದ ಗೊಂಬೆ ನೋಡಿ ಬರೆಯುವುದು ಮಾಮೂಲಾಗಿತ್ತು. ಹಾಗಾಗಿ ಅವಳ ಬಿಗಿತ ಅವಳ ಮದುವೆಯದ್ದಾ, ಗೊಂಬೆಯದ್ದಾ? ಚಿತ್ರದ ಆ ಹುಡುಗಿ, ಫ್ರಾನ್ಸಿಸ್ ಕಾರ್ಟರ್, ಮದುವೆಯಾಗಿದ್ದು 1748ರಲ್ಲಿ, ಹದಿನಾರರ ಆಸುಪಾಸಿನಲ್ಲಿ. ಹುಡುಗನಿಗೆ ಇಪ್ಪತ್ತು ದಾಟಿತ್ತು. ಬರೆದ ಗೇನ್ಸ್‌ಬರೋಗೂ ಇನ್ನೂ ಇಪ್ಪತ್ತಮೂರರ ವಯಸ್ಸು. ಈ ವಿವರ ಗೊತ್ತಾದ ಮೇಲೆ ಅವಳ ಮುಖದಲ್ಲಿ ಬೇಸರ ಕಾಣುವುದು ತುಂಬ ಸುಲಭ. ಆದರೆ ಆ ಬೇಸರವನ್ನು ನಾವು ತಂದು ಇಟ್ಟೆವೋ, ಅದು ಅಲ್ಲೇ ಇತ್ತೋ ಅಂತ ಒಂದು ಗಳಿಗೆ ನಿಂತು ಕೇಳಿಕೊಳ್ಳಬೇಕಾಗುತ್ತದೆ.

ತೆಗೆದು ನೋಡುವುದು

ಯಾವುದು ಸಂಕೇತ, ಯಾವುದು ಸುಮ್ನೆ ಅಲ್ಲಿದ್ದ ವಸ್ತು? ನಾನು ಮಾಡುವುದು ಇಷ್ಟೇ. ಆ ವಸ್ತುವನ್ನು ಮನಸ್ಸಿನಲ್ಲೇ ಚಿತ್ರದಿಂದ ತೆಗೆಯುತ್ತೇನೆ. ಭಾವ ಕದಲಿದರೆ ಅದಕ್ಕೆ ಅಲ್ಲಿ ಕೆಲಸ ಇತ್ತು ಅಂತ. ಕದಲದಿದ್ದರೆ ಅದರ ಪಾಡಿಗೆ ಅದನ್ನು ಬಿಟ್ಟುಬಿಡುತ್ತೇನೆ.

ಕೋವಿ ತೆಗೆಯಿರಿ. ಆಂಡ್ರ್ಯೂಸ್ ಒಬ್ಬ ಸೋಮಾರಿ ಹುಡುಗನಾಗಿಬಿಡುತ್ತಾನೆ. ಕೋವಿ ಅಂದರೆ ಗಂಡಸುತನ ಅಂತ ಪಟ್ಟಿ ಹೇಳೀತು. ಇರಬಹುದು. ಆದರೆ ಅವತ್ತಿನ ಇಂಗ್ಲೆಂಡಿನಲ್ಲಿ ಬೇಟೆಯಾಡುವ ಹಕ್ಕು ಎಲ್ಲರಿಗೂ ಇರಲಿಲ್ಲ. 1671ರ ಬೇಟೆ ಕಾಯ್ದೆ ಪ್ರಕಾರ ವರ್ಷಕ್ಕೆ 100 ಪೌಂಡ್ ಹುಟ್ಟುವಳಿಯ ಸ್ವಂತ ಜಮೀನಾದರೂ ಇರಬೇಕಿತ್ತು, ಇಲ್ಲವೇ ಅದಕ್ಕೆ ಸಮನಾದ ಬೇರೆ ಅರ್ಹತೆ ಬೇಕಿತ್ತು. ಹಾಗಾಗಿ ಆ ಕೋವಿ ಒಂದು ದಾಖಲೆ. ಎಡಗಡೆಯ ಮನುಷ್ಯನನ್ನು ಬಲಗಡೆಯ ಹೊಲಕ್ಕೆ ಕಟ್ಟುವ ಹಗ್ಗ ಅದು. ತೆಗೆದರೆ ಚಿತ್ರದ ಎರಡು ಭಾಗ ಬೇರೆಬೇರೆಯಾಗಿ ಬೀಳುತ್ತವೆ. ನಾಯಿಯನ್ನು ತೆಗೆದರೆ ಅಷ್ಟೇನೂ ಆಗುವುದಿಲ್ಲ. ಮರಗಳ ನಡುವೆ ದೂರದಲ್ಲಿ ಒಂದು ಚರ್ಚಿನ ಗೋಪುರ ಕಾಣುತ್ತದೆ. ಅವರ ಮದುವೆ ನಡೆದ ಚರ್ಚು ಅದೇ ಅನ್ನುತ್ತಾರೆ. ಅರ್ಥಪೂರ್ಣ ವಿವರ, ಒಪ್ಪುತ್ತೇನೆ. ಆದರೂ ಭಾವಕ್ಕೆ ಅದು ಏನನ್ನೂ ಸೇರಿಸುವುದಿಲ್ಲ. ಗುರುತಿಸಿದವರಿಗೆ ಒಂದು ಖುಷಿ, ಅಷ್ಟೇ.

ಇನ್ನು ಅವಳ ಮಡಿಲು. ಅಲ್ಲಿ ಬಣ್ಣವೇ ಇಲ್ಲ. ಕ್ಯಾನ್ವಾಸಿನ ಕಂದು ಹಾಗೇ ಉಳಿದಿದೆ. ಅವನು ಹೊಡೆದು ತಂದ ಹಕ್ಕಿಯನ್ನು ಅಲ್ಲಿ ಬರೆಯಬೇಕಿತ್ತು ಅನ್ನುವವರಿದ್ದಾರೆ, ಮುಂದೆ ಹುಟ್ಟುವ ಮಗುವಿಗೆ ಬಿಟ್ಟ ಜಾಗ ಅನ್ನುವವರಿದ್ದಾರೆ, ಪುಸ್ತಕ ಅಂದವರೂ ಇದ್ದಾರೆ. ಯಾವುದಕ್ಕೂ ಪುರಾವೆ ಇಲ್ಲ. ನನಗೆ ಕುತೂಹಲ ಇರುವುದು ಬೇರೆ ಕಡೆ. ಚಿತ್ರಕಾರ ಅದನ್ನು ಸಂಕೇತ ಅಂತ ಇಟ್ಟಿಲ್ಲ, ಇಡಲು ಸಾಧ್ಯವೂ ಇಲ್ಲ, ಅದು ಮುಗಿಯದ ಕೆಲಸ. ಹಾಗಿದ್ದರೂ ಇವತ್ತು ಆ ಚಿತ್ರದ ಭಾವವನ್ನು ಅಷ್ಟು ಬಲವಾಗಿ ಹಿಡಿದಿರುವುದು ಆ ಖಾಲಿ ಜಾಗವೇ. ನೆಲದ ಒಂದೊಂದು ಸಾಲನ್ನೂ, ತೆನೆಯ ಒಂದೊಂದು ಕಡ್ಡಿಯನ್ನೂ ಮುಗಿಸಿದ ಕೈ, ಹುಡುಗಿಯ ಮಡಿಲಿಗೆ ಬಂದು ನಿಂತಿದೆ. ತೆಗೆದು ನೋಡುವ ಪರೀಕ್ಷೆಯನ್ನು ಇಲ್ಲಿ ತಿರುಗಿಸಿ ಮಾಡಬೇಕು. ಅಲ್ಲಿ ಒಂದು ಹಕ್ಕಿಯನ್ನು ಕೂರಿಸಿ ನೋಡಿ. ಚಿತ್ರ ಪೂರ್ತಿಯಾಗುತ್ತದೆ, ಮತ್ತು ತಣ್ಣಗಾಗುತ್ತದೆ. ಉದ್ದೇಶವಿಲ್ಲದೆ ಹುಟ್ಟಿದ ಸಂಕೇತ ಸುಳ್ಳಾ? ಅಲ್ಲ ಅಂತಲೇ ನನ್ನ ಅಭಿಪ್ರಾಯ. ಆದರೆ ಅದನ್ನು ಗೇನ್ಸ್‌ಬರೋ ಬಾಯಲ್ಲಿ ಹೇಳಿಸಬಾರದು. ಅದು ನಮ್ಮ ಓದು, ನಮ್ಮ ಹೆಸರಲ್ಲೇ ಇರಲಿ.

ಪಟ್ಟಿಯೇ ಸರಿಯಾಗಿ ಕೆಲಸ ಮಾಡುವ ಚಿತ್ರಗಳೂ ಇವೆ. ಫ್ಲೆಮಿಶ್ ಚಿತ್ರಕಾರ ರೂಬೆನ್ಸ್ 1609ರಲ್ಲಿ ಇಸಾಬೆಲ್ಲಾ ಬ್ರಾಂಟ್‌ಳನ್ನು ಮದುವೆಯಾದ ಹೊಸದರಲ್ಲಿ ತಮ್ಮಿಬ್ಬರ ಚಿತ್ರ ಬರೆದ. ಹನಿಸಕಲ್ ಬಳ್ಳಿಯ ಚಪ್ಪರದ ಕೆಳಗೆ ಇಬ್ಬರೂ ಬಲಗೈ ಮೇಲೆ ಬಲಗೈ ಇಟ್ಟು ಕೂತಿದ್ದಾರೆ. ಬಲಗೈ ಸೇರಿಸಿದರೆ ಮದುವೆ, ಹಬ್ಬುವ ಬಳ್ಳಿ ಅಂದರೆ ಪ್ರೀತಿ ಅನ್ನುವುದು ಅವತ್ತಿನ ನೋಡುಗರಿಗೆಲ್ಲ ಗೊತ್ತಿದ್ದ ಮಾತು, ಅವನೂ ಅದನ್ನೇ ಹೇಳಿದ್ದಾನೆ. ಸುಂದರ ಚಿತ್ರ. ಬಿಡಿಸಲು ಅಲ್ಲಿ ಒಗಟಿಲ್ಲ.

ಅದೇ ಚಂದ್ರ, ಅದೇ ಮರ

ಚಿತ್ರಕಲೆ ಹೇಳಿಕೊಡುತ್ತಿದ್ದ ಮೇಷ್ಟ್ರೊಬ್ಬರು ಒಂದು ದಿನ ಎರಡು ಮುದ್ರಿತ ಚಿತ್ರಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟರು. ಎರಡರ ಮೇಲೂ ಒಂದೊಂದು ಕಾಗದದ ತುಂಡು ಅಂಟಿಸಿದ್ದರು, ಎಡಕ್ಕೆ ಸ್ವಲ್ಪ ಕೆಳಗೆ. ಕಾಗದದಾಚೆಗೆ ಎರಡರಲ್ಲೂ ಕಾಣುತ್ತಿದ್ದುದು ಹೆಚ್ಚುಕಡಿಮೆ ಒಂದೇ: ಕಲ್ಲು ಬಂಡೆಗಳ ದಾರಿ, ಬೇರು ಕಿತ್ತು ವಾಲಿದ ಒಂದು ಮರ, ಪಕ್ಕದಲ್ಲಿ ಸದಾ ಹಸಿರಾಗಿರುವ ಸ್ಪ್ರೂಸ್ ಮರ, ನಡುವೆ ಎಳೆ ಚಂದ್ರ. “ಇದರಲ್ಲಿ ಪ್ರೇಮದ ಚಿತ್ರ ಯಾವುದು?” ಅಂತ ಕೇಳಿದರು. ಯಾರೂ ಮಾತಾಡಲಿಲ್ಲ. ಒಬ್ಬಳು ಧೈರ್ಯ ಮಾಡಿ “ಎರಡೂ ಭಯದ ಚಿತ್ರ ಸಾರ್” ಅಂದಳು. ಅವರು ಕಾಗದ ತೆಗೆದರು. ಒಂದರಲ್ಲಿ ಇಬ್ಬರು ಗಂಡಸರು, ಇನ್ನೊಂದರಲ್ಲಿ ಒಬ್ಬ ಗಂಡಸು, ಒಬ್ಬ ಹೆಂಗಸು. ನಾಲ್ಕೂ ಜನ ನಮಗೆ ಬೆನ್ನು ಹಾಕಿ ಚಂದ್ರನನ್ನು ನೋಡುತ್ತಿದ್ದರು. ಮೇಷ್ಟ್ರು ಏನೂ ವಿವರಿಸಲಿಲ್ಲ. ಮತ್ತೆ ಕಾಗದ ಮುಚ್ಚಿದರು, ಮತ್ತೆ ತೆಗೆದರು. ಮುಚ್ಚಿದಾಗ ಒಂದೇ ಥರ ಇದ್ದ ಮರ, ತೆಗೆದ ಮೇಲೆ ಎರಡು ಥರ ಕಾಣುತ್ತಿತ್ತು.

ಅವು ಜರ್ಮನಿಯ ಕ್ಯಾಸ್ಪರ್ ಡೇವಿಡ್ ಫ್ರೀಡ್ರಿಕ್‌ನ ಚಿತ್ರಗಳು. ಗಂಡಸರದ್ದು 1819-20ರ ಸುಮಾರಿನದು, ಡ್ರೆಸ್ಡನ್‌ನಲ್ಲಿದೆ. ಜೋಡಿಯದ್ದು ಆಮೇಲಿನದು, ಬರ್ಲಿನ್‌ನಲ್ಲಿದೆ. ಗಂಡಸರು ತೊಟ್ಟಿರುವುದು ಹಳೇ ಜರ್ಮನ್ ಶೈಲಿಯ ಉಡುಪು. ಆಗ ಅದನ್ನು ತೊಡುತ್ತಿದ್ದವರು ಬದಲಾವಣೆ ಬಯಸುವ ಯುವಕರು, ಸರ್ಕಾರಕ್ಕೆ ಅವರನ್ನು ಕಂಡರೆ ಅನುಮಾನ. ಅದನ್ನು ತಿಳಿದು ನೋಡಿದರೆ ಆ ವಾಲಿದ ಮರ ಬೀಳಲಿರುವ ಹಳೇ ವ್ಯವಸ್ಥೆಯ ಹಾಗೆ ಕಾಣಬಹುದು. ಇನ್ನೊಂದು ಚಿತ್ರದಲ್ಲಿ ಅವಳ ಕೈ ಅವನ ಭುಜದ ಮೇಲಿದೆ. ಈಗ ಅದೇ ಮರದ ಬೀಳು ಇವರಿಬ್ಬರ ವಯಸ್ಸಿನ ಮಾತಾಗುತ್ತದೆ, ಪಕ್ಕದ ಹಸಿರು ಮರ ಆಮೇಲೂ ಉಳಿಯುವ ಒಂದು ಭರವಸೆಯಾಗುತ್ತದೆ. ಕೆಲವರು ಆ ಮರಗಳನ್ನು ಧರ್ಮದ ಕಡೆಯಿಂದ ಓದುತ್ತಾರೆ: ಸತ್ತದ್ದು ಹಳೇ ನಂಬಿಕೆ, ಹಸಿರಾಗಿರುವುದು ಕ್ರೈಸ್ತ ಭರವಸೆ. ಅದೂ ಸಲ್ಲುತ್ತದೆ. ಮರ ಮಾತ್ರ ಬದಲಾಗಿಲ್ಲ.

ಇದನ್ನು ನಮ್ಮ ಕಾವ್ಯಮೀಮಾಂಸೆ ಎಷ್ಟು ಹಿಂದೆಯೇ ಹೇಳಿಟ್ಟಿದೆ ನೋಡಿ. ಶೃಂಗಾರಕ್ಕೆ ನಾಯಕ, ನಾಯಿಕೆ ಆಲಂಬನ, ಅಂದರೆ ಭಾವ ಆತುಕೊಳ್ಳುವ ಆಸರೆ. ಬೆಳದಿಂಗಳು, ತೋಟ, ಕೋಗಿಲೆ, ತಂಗಾಳಿ ಇವೆಲ್ಲ ಉದ್ದೀಪನ. ಹೊತ್ತಿದ ಭಾವವನ್ನು ಉರಿಸುವ ಕೆಲಸ ಅವುಗಳದ್ದು. ಯಾವ ಭಾವ ಹೊತ್ತಿದೆಯೋ ಅದನ್ನೇ ಉರಿಸುತ್ತವೆ. ಅದಕ್ಕೇ ಜೊತೆಗಿದ್ದಾಗ ತಂಪೆರೆದ ಬೆಳದಿಂಗಳು ಅಗಲಿದಾಗ ಮೈ ಸುಡುತ್ತದೆ. ನಮ್ಮ ಹಳೇ ಕಾವ್ಯಗಳಲ್ಲಿ ಚಂದ್ರನನ್ನು ಬೈಯದ ವಿರಹಿಣಿ ಸಿಗುವುದು ಕಷ್ಟ. ಚಂದ್ರನಿಗೆ ತನ್ನದೇ ಅರ್ಥ ಅಂತ ಒಂದು ಇಲ್ಲ. ಅವನ ಕೆಳಗೆ ಯಾರು ಹೇಗೆ ನಿಂತಿದ್ದಾರೆ ಅನ್ನುವುದರ ಮೇಲೆ ಅವನ ಅರ್ಥ.

ಜಯದೇವನ ಗೀತಗೋವಿಂದ ಶುರುವಾಗುವುದೇ ಹವಾಮಾನದಿಂದ. ಆಕಾಶ ಮೋಡದಿಂದ ದಟ್ಟವಾಗಿದೆ, ಕಾಡು ತಮಾಲ ಮರಗಳಿಂದ ಕಪ್ಪಾಗಿದೆ, ರಾತ್ರಿ, ಇವನಿಗೆ (ಕೃಷ್ಣನಿಗೆ) ಭಯ, ರಾಧೆ ನೀನೇ ಇವನನ್ನು ಮನೆಗೆ ಕರೆದುಕೊಂಡು ಹೋಗು ಅಂತ. ಕರೆದುಕೊಂಡು ಹೊರಟ ದಾರಿಯಲ್ಲೇ ಯಮುನೆಯ ದಡದ ಒಂದೊಂದು ಮರದ ಕೆಳಗೂ ಅವರ ಪ್ರೇಮ ನಡೆಯುತ್ತದೆ. ಸುಮಾರು 1775ರಲ್ಲಿ ಹಿಮಾಲಯದ ತಪ್ಪಲಿನ ಪಹಾಡಿ ಕಲಾವಿದರು ಈ ಕಾವ್ಯವನ್ನು ಚಿತ್ರವಾಗಿ ಬರೆದರು. ಪಹಾಡಿ ಚಿತ್ರಗಳ ರಾತ್ರಿ ನನಗೆ ತುಂಬ ಇಷ್ಟ. ಆಕಾಶ ಕಪ್ಪು, ಆದರೆ ಮುಖಗಳ ಮೇಲೆ ನೆರಳಿಲ್ಲ. ಕಣ್ಣಿನ ರೆಪ್ಪೆಯವರೆಗೂ ಎಲ್ಲ ಸ್ಪಷ್ಟ. ಕತ್ತಲೆ ಲೋಕಕ್ಕೆ, ಇವರಿಬ್ಬರಿಗಲ್ಲ. ಕವಿತೆಯಲ್ಲಿ ಭಯಕ್ಕೆ ಕಾರಣವಾದ ಮೋಡ, ಚಿತ್ರದಲ್ಲಿ ಯಾರೂ ನೋಡದ ಹಾಗೆ ಮುಚ್ಚುವ ಹೊದಿಕೆಯಾಗುತ್ತದೆ. ಆಂಡ್ರ್ಯೂಸ್ ದಂಪತಿಯ ಮೇಲೆ ಕಟ್ಟುತ್ತಿರುವ ಮೋಡ ನೋಡಿ “ಏನೋ ಕೇಡು ಕಾದಿದೆ” ಅನ್ನುವವರು ಈ ಮೋಡಕ್ಕೆ ಏನನ್ನುತ್ತಾರೆ?

ಇದೇ ಕಾವ್ಯದಲ್ಲಿ ಮುಂದೆ ವಸಂತ ಬರುತ್ತದೆ. ಲವಂಗದ ಬಳ್ಳಿಯನ್ನು ಸವರಿಕೊಂಡು ಗಾಳಿ ಬೀಸುತ್ತದೆ, ಕೃಷ್ಣ ಬೇರೆ ಹುಡುಗಿಯರ ಜೊತೆ ಕುಣಿಯುತ್ತಿದ್ದಾನೆ. ವಿರಹಿಗಳಿಗೆ ಈ ಕಾಲ ಕಳೆಯುವುದು ಕಷ್ಟ ಅಂತ ಜಯದೇವ ಹಾಡಿನ ಪಲ್ಲವಿಯಲ್ಲೇ ಹೇಳುತ್ತಾನೆ. ಹೂ ಬಿಟ್ಟ ಬಳ್ಳಿ ಮರಕ್ಕೆ ಸುತ್ತಿಕೊಂಡಿದ್ದರೆ ಅಪ್ಪುಗೆ ಅಂತ ನಾವು ಥಟ್ಟನೆ ಹೇಳುತ್ತೇವೆ, ಅಲ್ವಾ? ರಾಧೆ ದೂರ ನಿಂತು ನೋಡುವ ಪುಟದಲ್ಲಿ ಆ ಬಳ್ಳಿ ಅವಳಿಗೆ ಹೊಟ್ಟೆ ಉರಿಸುವ ವಸ್ತು. ಅಪ್ಪುಗೆಯ ಅರ್ಥ ಹೋಗಿಲ್ಲ. ಅರ್ಥ ಹಾಗೇ ಇರುವುದರಿಂದಲೇ ಅದು ಚುಚ್ಚುತ್ತದೆ.

ಬೆನ್ನು ಕಾಣುವ ಜೋಡಿ

ನಾರ್ವೆಯ ಚಿತ್ರಕಾರ ಎಡ್ವರ್ಡ್ ಮುಂಕ್‌ನ ‘ಒಂಟಿಗರು’ ಚಿತ್ರದಲ್ಲಿ ಗಿಡಮರವೂ ಇಲ್ಲ, ನಾಯಿಯೂ ಇಲ್ಲ. ಕಲ್ಲುಗಳ ದಡ, ಮುಂದೆ ಸಮುದ್ರ. ಬಿಳಿ ಉಡುಪಿನ ಹೆಂಗಸು ಒಬ್ಬಳು, ಕಪ್ಪು ಉಡುಪಿನ ಗಂಡಸು ಒಬ್ಬ. ಇಬ್ಬರ ಬೆನ್ನೂ ನಮ್ಮ ಕಡೆ. ಅವನು ಅವಳಿಗಿಂತ ಒಂದು ಹೆಜ್ಜೆ ಹಿಂದೆ ಇದ್ದಾನೆ, ಮೈ ಅವಳ ಕಡೆ ಸ್ವಲ್ಪ ವಾಲಿದೆ. ನಡುವೆ ಒಂದು ತೋಳಿನಷ್ಟು ಜಾಗ. ಕೈ ಚಾಚಿದರೆ ಸಿಗುತ್ತಾಳೆ, ಚಾಚಿಲ್ಲ. ಹೊರಗಿನ ಜೋಡಿಯ ಚಿತ್ರಗಳಲ್ಲಿ ಇಷ್ಟು ಕಡಿಮೆ ವಸ್ತುಗಳಿಂದ ಇಷ್ಟೊಂದು ಹೇಳಿದ ಇನ್ನೊಂದು ಚಿತ್ರ ನನಗೆ ಗೊತ್ತಿಲ್ಲ.

1892ರಲ್ಲಿ ಅವನು ಬರೆದ ತೈಲಚಿತ್ರ ಈಗ ಉಳಿದಿಲ್ಲ. ನಾವು ನೋಡುವುದು ಬಹುಪಾಲು 1899ರಲ್ಲಿ ಮರದ ಅಚ್ಚಿನಿಂದ ತೆಗೆದ ಪ್ರತಿಗಳನ್ನು. ಅದನ್ನು ಮಾಡಿದ ರೀತಿಯೇ ಒಂದು ಓದು. ಕೆತ್ತಿದ ಹಲಗೆಯನ್ನು ಗರಗಸದಿಂದ ತುಂಡು ಮಾಡಿದ. ಒಂದೊಂದು ತುಂಡಿಗೂ ಬೇರೆ ಬಣ್ಣ ಹಚ್ಚಿದ. ಆಮೇಲೆ ಎಲ್ಲವನ್ನೂ ಮತ್ತೆ ಒಟ್ಟಿಗೆ ಜೋಡಿಸಿ ಕಾಗದದ ಮೇಲೆ ಒತ್ತಿದ. ತುಂಡುಗಳ ನಡುವಿನ ಸೀಳು ಅಚ್ಚಿನಲ್ಲಿ ತೆಳ್ಳಗಿನ ಬಿಳಿ ಗೆರೆಯಾಗಿ ಉಳಿಯುತ್ತದೆ. ಕಥೆ ಹೇಳುವ ಮುಖಗಳನ್ನು ಮುಚ್ಚಿಟ್ಟು, ಬೇರ್ಪಡುವುದನ್ನು ಹಲಗೆಯಲ್ಲೇ ಮಾಡಿ ತೋರಿಸಿದ.

ಇದೇ ಹಲಗೆಯಿಂದ ಅವನು ವರ್ಷಗಟ್ಟಲೆ ಬೇರೆಬೇರೆ ಬಣ್ಣಗಳಲ್ಲಿ ಪ್ರತಿ ತೆಗೆದ. ಸಮುದ್ರ ಒಂದರಲ್ಲಿ ತಣ್ಣನೆಯ ನೀಲಿ, ಇನ್ನೊಂದರಲ್ಲಿ ಹಸಿರು. ದಡ ಒಮ್ಮೆ ಬೆಚ್ಚಗಿನ ಬಣ್ಣ, ಒಮ್ಮೆ ಮಸುಕು. ನಿಂತ ಜಾಗ ಅದೇ, ನಡುವಿನ ತೋಳಿನಷ್ಟು ಅಂತರ ಅದೇ. ಎರಡು ಪ್ರತಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಒಂದರಲ್ಲಿ ಮಾತು ಮುಗಿದುಹೋದ ಜೋಡಿ, ಇನ್ನೊಂದರಲ್ಲಿ ಮಾತು ಶುರುಮಾಡಲು ಅಳುಕುವ ಜೋಡಿ. ಒಂದೇ ಒಂದು ಸಂಕೇತವೂ ಬದಲಾಗದೆ ಭಾವ ಬದಲಾಗುವುದನ್ನು ಇಷ್ಟು ಶುದ್ಧವಾಗಿ ಬೇರೆಲ್ಲೂ ನೋಡಲು ಸಿಗುವುದಿಲ್ಲ. ‘ಒಂಟಿಗರು’ ಅಂತ ಹೆಸರು ಓದಿದ ಮೇಲೆ ನೋಡುವುದು ಬೇರೆ, ಹೆಸರು ಓದದೆ ನೋಡುವುದು ಬೇರೆ ಅನ್ನುವುದನ್ನೂ ಸೇರಿಸಬೇಕು. ನಾನು ಈಗೀಗ ಹೆಸರನ್ನು ಕೊನೆಗೆ ಓದುತ್ತೇನೆ.

ಬೆನ್ನು ಹಾಕಿದವರನ್ನು ಬರೆಯುವುದರಲ್ಲಿ ಇನ್ನೊಂದು ಸಂಗತಿ ಇದೆ. ಅವರು ನೋಡುವುದನ್ನೇ ನಾವೂ ನೋಡುತ್ತೇವೆ. ಫ್ರೀಡ್ರಿಕ್‌ನ ಜೋಡಿಯ ಹಿಂದೆ ನಿಂತರೆ ನಾವು ಮೂರನೆಯವರಾಗಿ ಚಂದ್ರನ ಕಡೆ ತಿರುಗುತ್ತೇವೆ. ಅಲ್ಲಿ ಯಾರಿಗೂ ತೊಂದರೆ ಇಲ್ಲ. ಮುಂಕ್‌ನ ಜೋಡಿಯ ಹಿಂದೆ ನಿಂತರೆ ಹಾಗಾಗುವುದಿಲ್ಲ. ಸಮುದ್ರದ ಕಡೆ ಹೋಗಬೇಕಾದ ಕಣ್ಣು ಆ ನಡುವಿನ ಜಾಗದಲ್ಲೇ ಸಿಕ್ಕಿಕೊಳ್ಳುತ್ತದೆ. ನಾವು ಇರಬಾರದ ಜಾಗದಲ್ಲಿ ಇದ್ದೇವೆ ಅನ್ನಿಸುತ್ತದೆ. ಎರಡು ಜೋಡಿಯೂ ಬೆನ್ನನ್ನೇ ತೋರಿಸುತ್ತಿದ್ದರೂ, ಒಂದು ಜೋಡಿ ನಮ್ಮನ್ನು ಕರೆಯುತ್ತದೆ, ಇನ್ನೊಂದು ಜೋಡಿ ಹೊರಗೆ ನಿಲ್ಲಿಸುತ್ತದೆ.

ಗೊತ್ತಿರುವುದನ್ನು ಎಷ್ಟು ಬಳಸಬೇಕು

ಚಿತ್ರಕಾರ ಮಾರ್ಕ್ ಶಗಾಲ್‌ನ ‘ವಿಹಾರ’ 1917-18ರದ್ದು. ಹಸಿರು ಬಣ್ಣದಲ್ಲಿ ಅವನ ಊರು ವಿಟೆಬ್ಸ್ಕ್, ಹುಲ್ಲಿನ ಮೇಲೆ ಕೆಂಪು ಬಟ್ಟೆ ಹಾಸಿ ಅದರ ಮೇಲೆ ಪಾನೀಯದ ಹೂಜಿ. ಶಗಾಲ್ ನಗುತ್ತಾ ನೆಲದ ಮೇಲೆ ನಿಂತಿದ್ದಾನೆ. ಮೇಲೆತ್ತಿದ ಕೈಯಲ್ಲಿ ಹೆಂಡತಿ ಬೆಲ್ಲಾಳ ಕೈ. ಅವಳು ಬಾವುಟದ ಹಾಗೆ ಗಾಳಿಯಲ್ಲಿ ಅಡ್ಡಲಾಗಿ ತೇಲುತ್ತಿದ್ದಾಳೆ. ಅವರ ಮದುವೆಯಾಗಿದ್ದು 1915ರಲ್ಲಿ. ರಷ್ಯಾದಲ್ಲಿ ಆಗ ಯುದ್ಧ, ಕ್ರಾಂತಿ. ಬೆಲ್ಲಾ ತೀರಿಕೊಂಡಿದ್ದು 1944ರಲ್ಲಿ, ಅಮೆರಿಕದಲ್ಲಿ. ಇದು ಗೊತ್ತಿರುವವರಿಗೆ ಆ ತೇಲುವ ಮೈ ಹಾರಿಹೋಗುತ್ತಿರುವ ಹಾಗೆ ಕಾಣಬಹುದು. ಬಹಳ ಮಂದಿ ಹಾಗೇ ಬರೆಯುತ್ತಾರೆ ಕೂಡ. ನನಗೆ ಅದು ಒಪ್ಪಿಗೆಯಿಲ್ಲ. 1671ರ ಕಾಯ್ದೆಯನ್ನು ಆಂಡ್ರ್ಯೂಸ್ ಚಿತ್ರಕ್ಕೆ ತಂದಾಗ ನಾವು ಅವತ್ತಿನ ನೋಡುಗನಿಗೆ ಗೊತ್ತಿದ್ದುದನ್ನು ಕಲಿತೆವು. 1944ನ್ನು ಇಲ್ಲಿಗೆ ತಂದರೆ ಚಿತ್ರ ಬರೆದವನಿಗೇ ಗೊತ್ತಿರದಿದ್ದ ದುಃಖವನ್ನು ಅವನ ಖುಷಿಯ ಮೇಲೆ ಹೇರಿದ ಹಾಗಾಗುತ್ತದೆ. ಆ ಕೈಗಳನ್ನು ನೋಡಿ. ಹಿಡಿತ ಗಟ್ಟಿಯಾಗಿದೆ.

ಅವನ ಇನ್ನೊಂದು ಕೈಯಲ್ಲಿ ಒಂದು ಪುಟ್ಟ ಹಕ್ಕಿ ಇದೆ. ಆಕಾಶದ ಕೊಕ್ಕರೆಗಿಂತ ಕೈಯೊಳಗಿನ ಪುಟ್ಟ ಹಕ್ಕಿ ಲೇಸು ಅನ್ನುವ ಅರ್ಥದ ಗಾದೆಯೊಂದು ರಷ್ಯನ್ನರಲ್ಲಿದೆ. ಅದನ್ನು ನೆನೆದು ನೋಡಿದರೆ ಇವನಿಗೆ ಎರಡೂ ಸಿಕ್ಕಿವೆ, ಕೈಯೊಳಗೆ ಒಂದು, ಆಕಾಶದಲ್ಲಿ ಒಂದು, ಅದಕ್ಕೇ ಈ ನಗು ಅನ್ನಬಹುದು. ಗಾದೆ ಗೊತ್ತಿಲ್ಲದವರಿಗೂ ಆ ನಗು ಮುಟ್ಟುತ್ತದೆ. ಹಾಗಾದರೆ ತೆಗೆದು ನೋಡುವ ಪರೀಕ್ಷೆಯಲ್ಲಿ ಆ ಹಕ್ಕಿ ಏನಾಗಬೇಕು? ಹಲವು ಸಲ ಮನಸ್ಸಿನಲ್ಲೇ ಅದನ್ನು ತೆಗೆದು ನೋಡಿದ್ದೇನೆ. ಒಮ್ಮೊಮ್ಮೆ ಚಿತ್ರ ಸ್ವಲ್ಪವೂ ಅಲುಗುವುದಿಲ್ಲ. ಒಮ್ಮೊಮ್ಮೆ ಆ ಖಾಲಿ ಕೈ ಬೆಲ್ಲಾಳನ್ನು ಕೆಳಗೆ ಎಳೆದುಕೊಳ್ಳಲು ಏಳುತ್ತಿರುವ ಹಾಗೆ ಕಾಣುತ್ತದೆ, ಆಗ ಹಕ್ಕಿಯನ್ನು ಬೇಗ ಬೇಗ ವಾಪಸ್ ತಂದಿಡುತ್ತೇನೆ. ನೀವೂ ಒಮ್ಮೆ ತೆಗೆದು ನೋಡಿ, ನಿಮಗೆ ಏನು ಕಂಡಿತು ಅಂತ ತಿಳಿಯುವ ಆಸೆ ನನಗಿದೆ.